ಬಟಾಣಿ ಹೂವಿನ ಬಣ್ಣ ಎಣಿಸುವ ಮೊದಲು ಮೊಟ್ಟೆ ಎಣಿಸಿ

ಬಟಾಣಿ ಗಿಡಗಳಲ್ಲಿ ಅನುವಂಶಿಕತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗೊರ್ ಮೆಂಡೆಲ್‌ನ ಹೆಸರು ಕೇಳಿದವರಿಗೆಲ್ಲ ಮೂರಕ್ಕೆ ಒಂದು ಎಂಬ ಲೆಕ್ಕ ಗೊತ್ತು: ಸಂಕರದ ಎರಡನೇ ತಲೆಮಾರಿನಲ್ಲಿ ಮೂರು ನೇರಳೆ ಹೂವಿನ ಗಿಡಕ್ಕೆ ಒಂದು ಬಿಳಿ ಹೂವಿನದು. 1866ರಲ್ಲಿ ಅಚ್ಚಾದ ಅವನ ಪ್ರಬಂಧದಲ್ಲಿ ಒಂದು ದುಂಬಿಯ ಮೇಲೆ ದೂರೂ ಇದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಕಾಳು ಕೊರೆಯುವ ಸಣ್ಣ ಜೀರುಂಡೆಯಾದ ಬಟಾಣಿ ದುಂಬಿಯ ಹೆಣ್ಣು ಹೂವಿನೊಳಗೆ ಮೊಟ್ಟೆ ಇಡಲು ಬರುತ್ತದೆ, ಬಂದಾಗ ಮುಚ್ಚಿಕೊಂಡಿರುವ ಒಳದಳವನ್ನು ಬಿಡಿಸುತ್ತದೆ, ಹಾಗೆ ಹೂವಿನಲ್ಲಿ ಸಿಕ್ಕಿದ ಒಂದು ದುಂಬಿಯ ಕಾಲಿನಲ್ಲಿ ಪರಾಗದ ಕಣಗಳು ಮಸೂರದಡಿ ಸ್ಪಷ್ಟವಾಗಿ ಕಂಡವು ಎಂದು ಅವನು ಬರೆದಿದ್ದಾನೆ. ಹತ್ತು ಸಾವಿರಕ್ಕೂ ಹೆಚ್ಚು ಗಿಡಗಳನ್ನು ನೋಡಿದಾಗ ಹೊರಗಿನ ಪರಾಗ ಬೆರೆತದ್ದು ಖಚಿತವಾದ ಪ್ರಸಂಗಗಳು ಕೆಲವೇ ಕೆಲವು ಇದ್ದವು. ಹೂವಿನ ಕಾಲದಲ್ಲಿ ಗಾಜಿನ ಮನೆಯೊಳಗೆ ಇಟ್ಟಿದ್ದ ಕುಂಡದ ಗಿಡಗಳಲ್ಲಿ ಮಾತ್ರ ಅಂಥದ್ದು ಒಂದೂ ಇರಲಿಲ್ಲ. ಅನುಮಾನ ದುಂಬಿಯ ಮೇಲೆ ಬಿದ್ದದ್ದು ಹೀಗೆ.

ಒಂದು ವಿವರದಲ್ಲಿ ಮೆಂಡೆಲ್ ಎಡವಿದ್ದ. ಈ ದುಂಬಿ ಹೂವಿಗೆ ಬರುವುದು ಪರಾಗ ತಿನ್ನಲು. ಮೊಟ್ಟೆ ಇಡುವುದು ಎಳೆಯ ಕಾಯಿಯ ಹೊರಮೈ ಮೇಲೆ. ಬಟಾಣಿಯ ಪರಾಗ ತಿನ್ನದ ಹೆಣ್ಣಿನ ಅಂಡಾಶಯ ಬಲಿಯುವುದೇ ಇಲ್ಲ. ಆದರೆ ಅವನ ಮುಖ್ಯ ಎಚ್ಚರಿಕೆ ಇಂದಿಗೂ ಸರಿ. ದ್ವಿದಳ ಬೆಳೆಯಲ್ಲಿ ಹೂವಿನ ಬಣ್ಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆ ಎಂದು ನೋಡಹೊರಟವರು ಅದೇ ಗಿಡಕ್ಕೆ ಮೊಟ್ಟೆ ಇಡಲು ಬರುವ ಕೀಟದ ಲೆಕ್ಕವನ್ನೂ ಇಡಬೇಕು. ಪರಾಗ ಬೆರೆಯುವುದು, ಬೀಜ ನಷ್ಟವಾಗುವುದು, ಬಣ್ಣಕ್ಕೂ ಕೀಟಕ್ಕೂ ಇಲ್ಲದ ನಂಟು ಕಾಣಿಸುವುದು, ಇವೆಲ್ಲ ಆ ಲೆಕ್ಕ ಇಡದಿದ್ದಾಗ ಬರುವ ತೊಂದರೆಗಳು. ಶಾಲೆಯ ಕೈತೋಟದಲ್ಲಿ, ಮನೆಯ ಹಿತ್ತಲಲ್ಲಿ, ಸಣ್ಣ ಪ್ರಯೋಗ ತಾಕಿನಲ್ಲಿ ಎರಡನ್ನೂ ಒಟ್ಟಿಗೆ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಯಾವ ಬೆಳೆ, ಯಾವ ಸಾಮಾನು

ಮೊದಲ ಸಲ ಮಾಡುವವರಿಗೆ ಬಟಾಣಿಯೇ ಒಳ್ಳೆಯದು. ಹೂ ದೊಡ್ಡದು, ಬಣ್ಣ ನಿಚ್ಚಳ, ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಸೋಯಾ ಅವರೆಯ ಹೂ ತೀರ ಸಣ್ಣದಾದ್ದರಿಂದ ಕೈ ಪಳಗಿರಬೇಕು. ಕಡಲೆಯಲ್ಲಿ ಗುಲಾಬಿ, ನೀಲಿ, ಬಿಳಿ ಮೂರೂ ಸಿಗುತ್ತವೆ, ಆದರೆ ಅಲ್ಲಿ ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಜೀನ್‌ಗಳು ಸೇರಿಕೊಳ್ಳುವುದರಿಂದ ಹೊಸಬರಿಗೆ ತಲೆ ಕೆಡುತ್ತದೆ. ತೊಗರಿಗೆ ಜೇನ್ನೊಣಗಳ ಓಡಾಟ ಹೆಚ್ಚು, ಪರಾಗ ಬೆರೆಯುವುದೂ ಹೆಚ್ಚು. ಪರದೆ ಕಟ್ಟುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ಸಾಮಾನಿನ ಪಟ್ಟಿ ಚಿಕ್ಕದು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಚೂಪು ತುದಿಯ ಚಿಮುಟ, ನೂಲು ಕಟ್ಟಿದ ಚೀಟಿಗಳು, ಪೆನ್ಸಿಲ್, ತೆಳು ಬಟ್ಟೆಯ ಚೀಲಗಳು, ಒಂದು ಗಾಜಿನ ಭರಣಿ, ಒಂದು ನೋಟ್‌ಪುಸ್ತಕ. ಚೀಟಿಯ ಮೇಲೆ ಪೆನ್ನಿನಲ್ಲಿ ಬರೆಯಬೇಡಿ, ಮೊದಲ ಮಳೆಗೇ ಅಳಿಸಿಹೋಗುತ್ತದೆ. ಬಟಾಣಿ ದುಂಬಿ ನಾಲ್ಕೈದು ಮಿಲಿಮೀಟರ್ ಉದ್ದ, ಗೋದಾಮಿನ ಕಾಳು ದುಂಬಿ ಸುಮಾರು ಮೂರು ಮಿಲಿಮೀಟರ್. ಚೀಲದ ಬಟ್ಟೆಯ ಕಣ್ಣು ಒಂದು ಮಿಲಿಮೀಟರಿಗಿಂತ ಸಣ್ಣದಿದ್ದರೆ ಇವೆರಡೂ ಹೊರಗೇ ಉಳಿಯುತ್ತವೆ.

ಮೊಟ್ಟೆ ಯಾರದು ಎಂದು ತಿಳಿಯುವುದು

ದ್ವಿದಳ ಬೆಳೆಗೆ ಮೊಟ್ಟೆ ಇಡುವ ಕೀಟಗಳನ್ನು ಹೆಸರಿಗಿಂತ ಮೊಟ್ಟೆ ಇಡುವ ಜಾಗದಿಂದ ಗುರುತಿಸುವುದು ಸುಲಭ. ಒಂದೊಂದಕ್ಕೂ ತನ್ನದೇ ಜಾಗವಿದೆ, ಆ ಜಾಗ ಬಿಟ್ಟು ಅದು ಸಾಮಾನ್ಯವಾಗಿ ಬೇರೆಡೆ ಇಡುವುದಿಲ್ಲ.

ಹೆಲಿಕೋವರ್ಪಾ ಎಂಬ ಕಾಯಿಕೊರಕದ ಪತಂಗ ರಾತ್ರಿ ಹೊತ್ತು ಮೊಟ್ಟೆ ಇಡುತ್ತದೆ. ಗಿಡದ ಮೇಲಿನ ಮೂರನೇ ಒಂದು ಭಾಗದಲ್ಲಿ, ಚಿಗುರು, ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಬಿಡಿಬಿಡಿಯಾಗಿ ಹುಡುಕಿ. ಮೊಟ್ಟೆ ಗುಂಡಗೆ, ಸುಮಾರು ಅರ್ಧ ಮಿಲಿಮೀಟರ್, ತಿಳಿ ಹಳದಿ, ಮೇಲಿನಿಂದ ಕೆಳಗೆ ಗೀರುಗಳಿರುತ್ತವೆ. ಒಡೆಯುವ ಮುನ್ನ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೂರರಿಂದ ಐದು ದಿನ ಸಾಕು, ಮರಿ ಹೊರಬರುತ್ತದೆ. ಬಟಾಣಿ ನೀಲಿ ಚಿಟ್ಟೆಯೂ ಬಿಡಿಯಾಗಿಯೇ ಮೊಟ್ಟೆ ಇಡುತ್ತದೆ, ಹೆಚ್ಚಾಗಿ ಮೊಗ್ಗಿನ ಮೇಲೆ. ಆದರೆ ಆ ಮೊಟ್ಟೆ ಬಿಲ್ಲೆಯ ಹಾಗೆ ಚಪ್ಪಟೆ, ನಡುವೆ ಸಣ್ಣ ತಗ್ಗು, ಬಣ್ಣ ನೀಲಿ ಬೆರೆತ ಬಿಳಿ. ಹೂವಿಗೆ ಬಲೆ ಕಟ್ಟುವ ಚುಕ್ಕೆ ಕಾಯಿಕೊರಕ ಮೊಗ್ಗಿನ ಮೇಲೆ ತೆಳುವಾದ, ಪಾರದರ್ಶಕ ಪೊರೆಯಂಥ ಮೊಟ್ಟೆಗಳನ್ನು ಸಣ್ಣ ಗುಂಪಿನಲ್ಲಿ ಇಡುತ್ತದೆ. ಅದನ್ನು ಬರಿಗಣ್ಣಿಗೆ ಹುಡುಕುವುದು ಕಷ್ಟ. ಬಲೆ ಕಂಡ ಮೇಲೆ ಗೊತ್ತಾಗುವುದೇ ಹೆಚ್ಚು.

ತೊಗರಿಯ ಕಾಯಿ ನೊಣ ಇವಕ್ಕಿಂತ ಜಾಣ. ಅದು ಎಳೆಗಾಯಿಯ ಗೋಡೆಯನ್ನು ಚುಚ್ಚಿ ಮೊಟ್ಟೆಯನ್ನು ಒಳಗೇ ಸೇರಿಸಿಬಿಡುತ್ತದೆ. ಹೊರಗಿನಿಂದ ಮೊಟ್ಟೆ ಎಣಿಸುವ ಆಸೆ ಬಿಟ್ಟುಬಿಡಿ, ಕೆಲವು ಕಾಯಿ ಸೀಳಿ ನೋಡುವುದೊಂದೇ ದಾರಿ.

ಬಟಾಣಿ ದುಂಬಿಯ ಮೊಟ್ಟೆ ಹಸಿರು ಕಾಯಿಯ ಮೇಲೆ ಅಂಟಿರುತ್ತದೆ. ಉದ್ದುದ್ದ, ಹಳದಿಯಿಂದ ಕಿತ್ತಳೆ ಬಣ್ಣ, ಹಸಿರಿನ ಮೇಲೆ ಎದ್ದು ಕಾಣುತ್ತದೆ. ಕೆಲವೊಮ್ಮೆ ಒಂದರ ಮೇಲೊಂದು ಎರಡು ಮೊಟ್ಟೆ ಇರುತ್ತವೆ. ಇದೇ ಬಳಗದ ಇನ್ನೊಂದು ದುಂಬಿ, ಅಮೆರಿಕದ ಮರುಭೂಮಿಯ ಪಾಲೊ ವರ್ಡೆ ಎಂಬ ದ್ವಿದಳ ಮರದ ಕಾಯಿಗಳ ಮೇಲೆ ಬೇಕೆಂದೇ ಹೀಗೆ ಪೇರಿಸುತ್ತದೆ. ಮೇಲಿನ ಮೊಟ್ಟೆ ಪರಾವಲಂಬಿ ಕಣಜಕ್ಕೆ ಬಲಿಯಾದರೂ ಕೆಳಗಿನದು ಬದುಕುತ್ತದೆ.

ಕಂಡ ಮೊಟ್ಟೆಯನ್ನೆಲ್ಲ ಉಜ್ಜಿ ಹಾಕುವ ಅಭ್ಯಾಸ ಬೇಡ. ನೂಲಿನಂಥ ದಂಟಿನ ತುದಿಯಲ್ಲಿ ನಿಂತ ಮೊಟ್ಟೆ ಹಸಿರು ಜಾಲರೆಕ್ಕೆ ಕೀಟದ್ದು, ಗುಂಪಾಗಿ ನೆಟ್ಟಗೆ ನಿಂತ ಹಳದಿ ಮೊಟ್ಟೆಗಳು ಬಹುಪಾಲು ಗುಲಗಂಜಿ ಹುಳುವಿನವು. ಎರಡೂ ಗಿಡದ ಹೇನು ತಿನ್ನುವ ಮಿತ್ರರು. ಕಾಯಿಕೊರಕದ ಮೊಟ್ಟೆ ಇಡಿಯಾಗಿ ಒಂದೇ ಸಮನೆ ಕರಿದಾಗಿ, ಐದು ದಿನ ಕಳೆದರೂ ಒಡೆಯದೆ ಇದ್ದರೆ ಒಳಗೆ ಟ್ರೈಕೋಗ್ರಾಮಾ ಎಂಬ ಅತಿಸಣ್ಣ ಕಣಜ ಬೆಳೆಯುತ್ತಿದೆ ಎಂದರ್ಥ. ಅಂಥ ಮೊಟ್ಟೆಗೆ ಚೀಟಿ ಕಟ್ಟಿ ಬಿಡಿ. ಕೆಲವು ದಿನಗಳ ಮೇಲೆ ಅದರಲ್ಲಿ ದುಂಡನೆಯ ತೂತು ಕಾಣುತ್ತದೆ.

ನೋಟ್‌ಪುಸ್ತಕದಲ್ಲಿ ಗಿಡದ ಸಂಖ್ಯೆ, ದಿನಾಂಕ, ಮೊಟ್ಟೆ ಕಂಡ ಜಾಗ, ಎಷ್ಟು, ಏನಾಯಿತು ಎಂದು ಐದು ಅಂಕಣ ಹಾಕಿ. ಬೆಳಗ್ಗೆ ಬಿಸಿಲು ಏರುವ ಮೊದಲೇ ನೋಡಿ. ಅದೇ ಪುಟದಲ್ಲಿ ಹೂವಿನ ಬಣ್ಣಕ್ಕೊಂದು ಅಂಕಣ ಈಗಲೇ ಇರಲಿ, ಬೇರೆ ಪುಸ್ತಕ ಬೇಡ.

ಭರಣಿಯೊಳಗಿನ ದುಂಬಿ

ಹೊಲದಲ್ಲಿ ಮೊಟ್ಟೆ ಹುಡುಕುವ ಕಣ್ಣು ಬರಲು ಮೊದಲು ಮನೆಯೊಳಗೇ ಒಂದು ಅಭ್ಯಾಸ ಮಾಡಬಹುದು. ಕಾಳಿನ ಡಬ್ಬಿಯಲ್ಲಿ ತಾನಾಗಿ ಕಾಣಿಸಿಕೊಳ್ಳುವ ದುಂಬಿ, ಕ್ಯಾಲೊಸೊಬ್ರೂಕಸ್ ಬಳಗದ್ದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಹುಳು ಆದ ಮೇಲೆ ಅದಕ್ಕೆ ಆಹಾರವಾಗಲಿ ನೀರಾಗಲಿ ಬೇಡ. ಸುಮಾರು ಎರಡು ವಾರದ ಬಾಳನ್ನು ಜೊತೆಗಾರನನ್ನು ಹುಡುಕುವುದರಲ್ಲೂ ಮೊಟ್ಟೆ ಇಡುವುದರಲ್ಲೂ ಕಳೆಯುತ್ತದೆ.

ಭರಣಿಗೆ ಹುಳು ತಗುಲದ ಐವತ್ತು ಅಲಸಂದೆ ಅಥವಾ ಹೆಸರು ಕಾಳು ಹಾಕಿ, ಎರಡು ಮೂರು ಜೋಡಿ ದುಂಬಿ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಮರುದಿನವೇ ಕಾಳಿನ ಮೇಲೆ ಅಂಟಿದ ಸಣ್ಣ ಹನಿಗಳಂಥ ಮೊಟ್ಟೆಗಳು ಕಾಣುತ್ತವೆ. ಒಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡಬಲ್ಲದು. ಮೊದಲಿಗೆ ಮೊಟ್ಟೆ ಪಾರದರ್ಶಕವಾಗಿರುತ್ತದೆ. ಐದಾರು ದಿನಗಳಲ್ಲಿ ಮರಿ ಮೊಟ್ಟೆಯ ತಳದಿಂದಲೇ ಕಾಳಿನೊಳಗೆ ಕೊರೆದುಕೊಂಡು ಹೋಗುತ್ತದೆ. ಆಗ ಕೊರೆದ ಪುಡಿ ಖಾಲಿ ಚಿಪ್ಪಿನಲ್ಲಿ ತುಂಬಿಕೊಂಡು ಮೊಟ್ಟೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಪಾರದರ್ಶಕವಾಗಿಯೇ ಉಳಿದದ್ದು ಒಡೆಯದ ಮೊಟ್ಟೆ. ಮಸೂರ ಇಲ್ಲದೆಯೂ ಈ ವ್ಯತ್ಯಾಸ ಕಾಣುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಸುಮಾರು ನಾಲ್ಕು ವಾರಗಳಿಗೆ ಕಾಳಿನ ಸಿಪ್ಪೆಯಲ್ಲಿ ದುಂಡನೆಯ ಕಿಟಕಿ ತೆರೆದು ಹೊಸ ದುಂಬಿ ಹೊರಬರುತ್ತದೆ.

ಎಣಿಸುವಾಗ ನೋಡಬೇಕಾದದ್ದು ಒಟ್ಟು ಮೊಟ್ಟೆಗಳಿಗಿಂತ ಅವು ಹಂಚಿಹೋದ ರೀತಿಯನ್ನು. ಐವತ್ತು ಕಾಳಿನ ಮೇಲೆ ನೂರು ಮೊಟ್ಟೆ ಕಣ್ಣು ಮುಚ್ಚಿ ಚೆಲ್ಲಿದಂತೆ ಬಿದ್ದಿದ್ದರೆ, ಸಂಭವನೀಯತೆಯ ಲೆಕ್ಕದಂತೆ ಏಳರಷ್ಟು ಕಾಳುಗಳಲ್ಲಿ ಒಂದೂ ಮೊಟ್ಟೆ ಇರಬಾರದು. ಐವತ್ತು ಮೊಟ್ಟೆಯಾದರೆ ಹದಿನೆಂಟು ಕಾಳು ಖಾಲಿ. ನಿಮ್ಮ ಭರಣಿಯಲ್ಲಿ ಖಾಲಿ ಕಾಳು ಇದಕ್ಕಿಂತ ಬಹಳ ಕಡಿಮೆ ಇರುವುದನ್ನು ಕಾಣುತ್ತೀರಿ. ಹೆಣ್ಣು ದುಂಬಿ ಈಗಾಗಲೇ ಮೊಟ್ಟೆ ಇರುವ ಕಾಳನ್ನು ಗುರುತಿಸಿ ಬಿಟ್ಟುಬಿಡುತ್ತದೆ, ಎಲ್ಲ ಕಾಳಿಗೂ ಮೊಟ್ಟೆ ಬಿದ್ದ ಮೇಲಷ್ಟೇ ಎರಡನೇ ಸುತ್ತಿಗೆ ಇಳಿಯುತ್ತದೆ. ಒಂದು ಕಾಳಿನೊಳಗಿನ ಊಟ ಎಷ್ಟು ಮರಿಗೆ ಸಾಕು ಎಂಬುದು ತಾಯಿಯ ಚಿಂತೆ. ನುಣುಪು ಸಿಪ್ಪೆಯ ಕಾಳು, ಸುಕ್ಕು ಸಿಪ್ಪೆಯ ಕಾಳು ಎರಡನ್ನೂ ಬೆರೆಸಿ ಇಟ್ಟರೆ ನುಣುಪಿನ ಕಡೆಗೆ ಒಲವೂ ಕಾಣುತ್ತದೆ. ದುಂಬಿ ಆರಿಸುವುದು ಸಿಪ್ಪೆಯನ್ನು. ಈ ಮಾತು ಮುಂದೆ ಬಣ್ಣದ ಲೆಕ್ಕಕ್ಕೆ ಬೇಕಾಗುತ್ತದೆ.

ಅಭ್ಯಾಸ ಮುಗಿದ ಕೂಡಲೇ ಭರಣಿಯನ್ನು ಫ್ರೀಜರ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಒಂದು ವಾರ ಇಡಿ. ಬಿತ್ತನೆ ಬೀಜ ಇರುವ ಕೋಣೆಗೆ ಆ ಭರಣಿಯನ್ನು ಒಯ್ಯಲೇಬೇಡಿ. ಕಾಳಿನ ಮೇಲೆ ಮೊಟ್ಟೆ ಅಂಟಿಸದ ದುಂಬಿಯೂ ಇದೆ ಎಂಬುದು ತಿಳಿದಿರಲಿ: ಹುರುಳಿಕಾಯಿ ಬೀಜದ ಅಕ್ಯಾಂಥೊಸೆಲಿಡೆಸ್ ದುಂಬಿ ಮೊಟ್ಟೆಗಳನ್ನು ಬೀಜಗಳ ನಡುವೆ ಸುಮ್ಮನೆ ಉದುರಿಸುತ್ತದೆ, ಒಳಹೋಗುವ ದಾರಿಯನ್ನು ಮರಿಯೇ ಹುಡುಕಿಕೊಳ್ಳಬೇಕು. ಅಲ್ಲಿ ಕಾಳಿನ ಮೈ ನೋಡಿ ಎಣಿಸಿದರೆ ಲೆಕ್ಕ ಸೊನ್ನೆ ಬರುತ್ತದೆ.

ಸಂಕರ ಮಾಡುವುದು

ಬಟಾಣಿಯಲ್ಲಿ ನೇರಳೆ ಹೂ ಪ್ರಬಲ, ಬಿಳಿ ದುರ್ಬಲ, ಅಂದರೆ ಎರಡೂ ಬಗೆಯ ಜೀನ್ ಹೊತ್ತ ಗಿಡ ನೇರಳೆ ಹೂವನ್ನೇ ಬಿಡುತ್ತದೆ. ಇದನ್ನು ನಿರ್ಧರಿಸುವ ಜೀನಿಗೆ ಎ ಎಂದು ಹೆಸರು. ಅದು ಬಣ್ಣದ ವಸ್ತುವನ್ನು ತಾನೇ ತಯಾರಿಸುವುದಿಲ್ಲ, ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನಿಗೆ ಸಂಕೇತ ಒದಗಿಸುತ್ತದೆ. ಬಿಳಿ ಹೂವಿನಲ್ಲಿ ಆ ಸಂಕೇತದ ಒಂದು ಅಕ್ಷರ ಬದಲಾಗಿ ಪ್ರೋಟೀನ್ ಸರಿಯಾಗಿ ರೂಪುಗೊಳ್ಳುವುದಿಲ್ಲ ಎಂದು 2010ರಲ್ಲಿ ಗೊತ್ತಾಯಿತು.

ತಾಯಿಗಿಡ ಯಾವಾಗಲೂ ಬಿಳಿ ಹೂವಿನದಾಗಿರಲಿ. ಕಾರಣ ಸರಳ: ನೀವು ಹಾಕಿದ ನೇರಳೆ ಗಿಡದ ಪರಾಗ ಹಿಡಿದಿದ್ದರೆ ಹುಟ್ಟುವ ಗಿಡ ನೇರಳೆ ಹೂ ಬಿಡುತ್ತದೆ, ತನ್ನದೇ ಪರಾಗದಿಂದ ಕಾಯಿಯಾಗಿದ್ದರೆ ಬಿಳಿ ಹೂ ಬಿಡುತ್ತದೆ. ನೇರಳೆಯನ್ನು ತಾಯಿ ಮಾಡಿಕೊಂಡರೆ ಎರಡೂ ನೇರಳೆಯೇ; ಕೆಲಸ ಕೆಟ್ಟಿದೆಯೋ ಇಲ್ಲವೋ ಎಂದು ಇನ್ನೊಂದು ತಲೆಮಾರಿನವರೆಗೆ ಗೊತ್ತಾಗುವುದಿಲ್ಲ.

ಬಟಾಣಿ ಹೂ ಅರಳುವ ಮೊದಲೇ ಪರಾಗಕೋಶ ಒಡೆದಿರುತ್ತದೆ. ಆದ್ದರಿಂದ ದಳಗಳು ಈಗಷ್ಟೇ ಇಣುಕುತ್ತಿರುವ ಮೊಗ್ಗನ್ನು ಆರಿಸಿ. ಹೊರಗಿನ ದೊಡ್ಡ ದಳವನ್ನೂ ಎರಡು ರೆಕ್ಕೆ ದಳಗಳನ್ನೂ ಬಿಡಿಸಿ, ದೋಣಿಯಾಕಾರದ ಒಳದಳವನ್ನು ಚಿಮುಟದಿಂದ ಸೀಳಿ. ಒಳಗೆ ಹತ್ತು ಕೇಸರಗಳಿವೆ, ಒಂಬತ್ತು ಕೂಡಿಕೊಂಡು, ಒಂದು ಬಿಡಿಯಾಗಿ. ಹತ್ತನ್ನೂ ಎಣಿಸಿ ತೆಗೆಯಿರಿ. ಹಳದಿ ಪುಡಿ ಆಗಲೇ ಕಂಡರೆ ಆ ಮೊಗ್ಗನ್ನು ಕಿತ್ತೆಸೆದು ಬೇರೊಂದಕ್ಕೆ ಹೋಗಿ, ಒರೆಸಿ ಸರಿಮಾಡುವ ಪ್ರಯತ್ನ ಬೇಡ. ನಂತರ ಹೊಸದಾಗಿ ಅರಳಿದ ನೇರಳೆ ಹೂವಿನ ಒಳದಳವನ್ನು ಹಿಂದಕ್ಕೆ ಎಳೆಯಿರಿ. ಅದರ ಶಲಾಕೆಯ ತುದಿಯ ರೋಮಗಳಿಗೆ ಪರಾಗ ಮೆತ್ತಿಕೊಂಡಿರುತ್ತದೆ. ಅದನ್ನೇ ಕುಂಚದ ಹಾಗೆ ಹಿಡಿದು ಬಿಳಿ ಹೂವಿನ ಶಲಾಕಾಗ್ರಕ್ಕೆ ಸವರಿ. ಅದೇ ಗೆಣ್ಣಿನಲ್ಲಿರುವ ಬೇರೆ ಹೂಗಳನ್ನು ತೆಗೆದುಹಾಕಿ, ಚೀಟಿ ಕಟ್ಟಿ, ಚೀಲ ಹೊದಿಸಿ.

ಇಲ್ಲಿಯೇ ಬಹಳ ಕೈಪಿಡಿಗಳು ದಾರಿ ತಪ್ಪಿಸುತ್ತವೆ. ಕಾಯಿ ಹಿಡಿದ ಮೇಲೆ ಚೀಲ ತೆಗೆಯಬಹುದು ಎನ್ನುತ್ತವೆ. ಪರಾಗದ ದೃಷ್ಟಿಯಿಂದ ಅದು ಸರಿ, ಕೀಟದ ದೃಷ್ಟಿಯಿಂದ ಶುದ್ಧ ತಪ್ಪು. ಬಟಾಣಿ ದುಂಬಿ ಕಾಯುತ್ತಿರುವುದೇ ಎಳೆಗಾಯಿಗಾಗಿ. ಕೈಯಿಂದ ಸಂಕರಗೊಳಿಸಿದ ಕಾಯಿಯಲ್ಲಿ ಬೀಜ ಕಡಿಮೆ, ಒಂದೊಂದು ಬೀಜವೂ ಅಮೂಲ್ಯ. ಕಾಯಿ ಬೆಳೆಯಲು ಜಾಗ ಬಿಟ್ಟು ದೊಡ್ಡ ಚೀಲಕ್ಕೆ ಬದಲಾಯಿಸಿ, ಕಾಯಿ ಒಣಗುವ ತನಕ ಚೀಲ ಇರಲಿ.

ಹೊರಗಿನ ಪರಾಗ ನಿಮ್ಮ ತಾಕಿನಲ್ಲಿ ಎಷ್ಟು ಬೆರೆಯುತ್ತಿದೆ ಎಂದು ಅಳೆಯಲೂ ಬಿಳಿ ಹೂವೇ ಉಪಕಾರಿ. ನೇರಳೆ ಸಾಲಿನ ಪಕ್ಕದಲ್ಲಿ ಒಂದು ಬಿಳಿ ಸಾಲನ್ನು ಚೀಲ ಹಾಕದೆ ಬಿಡಿ. ಅದರ ಬೀಜವನ್ನು ಮುಂದಿನ ಹಂಗಾಮಿನಲ್ಲಿ ಬಿತ್ತಿ. ಅಲ್ಲಿ ನೇರಳೆ ಹೂ ಬಿಟ್ಟ ಗಿಡಗಳೆಲ್ಲ ಕೀಟ ತಂದ ಪರಾಗದ ಮಕ್ಕಳು.

ಬಣ್ಣ ಎಣಿಸುವುದು

ಸಂಕರದ ಮೊದಲ ತಲೆಮಾರು ಪೂರ್ತಿ ನೇರಳೆ. ಅವುಗಳನ್ನು ತಮ್ಮ ಪಾಡಿಗೆ ಬಿಟ್ಟು, ಚೀಲದೊಳಗೆ ಕಾಯಿಯಾಗಲು ಬಿಡಿ. ಆ ಬೀಜದಿಂದ ಬಂದ ಎರಡನೇ ತಲೆಮಾರಿನಲ್ಲಿ ಬಿಳಿ ಮರಳಿ ಬರುತ್ತದೆ. ಮೆಂಡೆಲ್ ಎಣಿಸಿದ 929 ಗಿಡಗಳಲ್ಲಿ 705 ನೇರಳೆ, 224 ಬಿಳಿ.

ಎಷ್ಟು ಗಿಡ ಬೇಕು? ಬಿಳಿ ಗಿಡ ಒಂದಾದರೂ ಕಾಣುವ ಸಂಭವ ನೂರಕ್ಕೆ 95 ಇರಬೇಕಾದರೆ 11 ಗಿಡ, 99 ಇರಬೇಕಾದರೆ 17 ಗಿಡ. ಆದರೆ ಒಂದು ಬಿಳಿ ಕಂಡ ಮಾತ್ರಕ್ಕೆ ಅನುಪಾತ ಗೊತ್ತಾಗುವುದಿಲ್ಲ. ನೂರಕ್ಕಿಂತ ಕಡಿಮೆ ಗಿಡಗಳಿಂದ ಮೂರಕ್ಕೆ ಒಂದು ಎಂದು ಘೋಷಿಸುವವರನ್ನು ನಾನು ನಂಬುವುದಿಲ್ಲ.

ಎಣಿಕೆ ನಿರೀಕ್ಷೆಗೆ ಹೊಂದುತ್ತದೆಯೇ ಎಂದು ನೋಡಲು ಸಂಖ್ಯಾಶಾಸ್ತ್ರದ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ ಸಾಕು. ಪ್ರತಿ ಬಣ್ಣಕ್ಕೂ ಎಣಿಕೆ ಮತ್ತು ನಿರೀಕ್ಷೆಯ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷೆಯಿಂದ ಭಾಗಿಸಿ, ಎರಡನ್ನೂ ಕೂಡಿಸಿ. ಮೊತ್ತ 3.84ಕ್ಕಿಂತ ಕಡಿಮೆ ಇದ್ದರೆ ಮೂರಕ್ಕೆ ಒಂದನ್ನು ತಳ್ಳಿಹಾಕಲು ಕಾರಣವಿಲ್ಲ. ನೂರು ಗಿಡಗಳಲ್ಲಿ 68 ನೇರಳೆ, 32 ಬಿಳಿ ಬಂತೆನ್ನಿ. ನಿರೀಕ್ಷೆ 75 ಮತ್ತು 25, ವ್ಯತ್ಯಾಸ 7. ಮೊತ್ತ 2.61 ಆಗುತ್ತದೆ, ಚಿಂತೆ ಬೇಡ. ಮೆಂಡೆಲ್‌ನ ಎಣಿಕೆಗೆ ಇದೇ ಲೆಕ್ಕ 0.39 ಕೊಡುತ್ತದೆ.

ಬಣ್ಣ ನೋಡುವಾಗ ಅಂದೇ ಅರಳಿದ ಹೂವನ್ನು ನೋಡಿ. ಹಳತಾದ ನೇರಳೆ ಹೂ ನೀಲಿಗೆ ತಿರುಗಿ ಮಾಸುತ್ತದೆ. ಇನ್ನೊಂದು ಅನುಕೂಲವೂ ಇದೆ. ನೇರಳೆ ಹೂವಿನ ಬಟಾಣಿಗೆ ಎಲೆ ಕಾಂಡಕ್ಕೆ ಸೇರುವ ಕಂಕುಳಿನಲ್ಲಿ ಕೆಂಪು ಗುರುತು ಇರುತ್ತದೆ, ಬಿಳಿ ಹೂವಿನದಕ್ಕೆ ಇರುವುದಿಲ್ಲ. ಮೆಂಡೆಲ್ ಇದನ್ನೂ ಗಮನಿಸಿದ್ದ. ಸೋಯಾ ಅವರೆಯಲ್ಲಿ ನೇರಳೆ ಹೂ ಬಿಡಲಿರುವ ಸಸಿಯ ಎಳೆಕಾಂಡವೇ ನೇರಳೆ, ಬಿಳಿ ಹೂವಿನದು ಹಸಿರು. ಹೂ ಬರುವ ಮುನ್ನ ಕಾಂಡ ಕೊರೆಯುವ ನೊಣಕ್ಕೋ ಹಕ್ಕಿಗೋ ಗಿಡ ಬಲಿಯಾದರೂ ಅದರ ಬಣ್ಣ ನಿಮ್ಮ ಪುಸ್ತಕದಲ್ಲಿ ಉಳಿಯಬೇಕೆಂದಿದ್ದರೆ ಸಸಿಯ ಹಂತದಲ್ಲೇ ಒಮ್ಮೆ ಎಣಿಸಿಕೊಳ್ಳಿ.

ಸಿಪ್ಪೆ ತಾಯಿಯದು, ಬೇಳೆ ಮಗುವಿನದು

ದುಂಬಿ ಬೀಜ ತಿಂದದ್ದರಿಂದ ಅನುಪಾತ ಕೆಡುತ್ತದೆಯೇ? ಈ ಪ್ರಶ್ನೆಗೆ ತಲೆಮಾರಿನ ಮೇಲೆ ಉತ್ತರ ಬದಲಾಗುತ್ತದೆ, ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ.

ಬಟಾಣಿಯ ಎ ಜೀನ್ ಹೂವಿನ ಜೊತೆಗೆ ಬೀಜದ ಸಿಪ್ಪೆಯ ಬಣ್ಣವನ್ನೂ ನಿರ್ಧರಿಸುತ್ತದೆ. ನೇರಳೆ ಹೂವಿನ ಗಿಡದ ಬೀಜದ ಸಿಪ್ಪೆ ಬೂದುಗಂದು, ಬಿಳಿ ಹೂವಿನದು ಬಣ್ಣವಿಲ್ಲದ್ದು. ಆದರೆ ಸಿಪ್ಪೆ ತಾಯಿಗಿಡದ ಅಂಗಾಂಶ. ಒಳಗಿನ ಬೇಳೆ ಮತ್ತು ಮೊಳಕೆಯಷ್ಟೇ ಹೊಸ ತಲೆಮಾರಿನವು. ಹಾಗಾಗಿ ಮೊದಲ ತಲೆಮಾರಿನ ನೇರಳೆ ಗಿಡದ ಮೇಲೆ ಬಿಟ್ಟ ಎಲ್ಲ ಬೀಜಗಳಿಗೂ ಒಂದೇ ಬಗೆಯ ಸಿಪ್ಪೆ ಇರುತ್ತದೆ, ಒಳಗೆ ನೇರಳೆ ಹೂವಿನ ಮರಿ ಇರಲಿ, ಬಿಳಿ ಹೂವಿನ ಮರಿ ಇರಲಿ. ಸಿಪ್ಪೆ ನೋಡಿ ಮೊಟ್ಟೆ ಇಡುವ ದುಂಬಿಗೆ ಅವುಗಳಲ್ಲಿ ಭೇದ ಕಾಣುವ ದಾರಿಯಿಲ್ಲ. ಹತ್ತು ಬೀಜ ಹೋದರೂ ಬಣ್ಣದ ಅನುಪಾತ ಓರೆಯಾಗುವ ಕಾರಣವಿಲ್ಲ, ಎಣಿಕೆ ಚಿಕ್ಕದಾಗುತ್ತದೆ ಅಷ್ಟೇ.

ಮುಂದಿನ ಹೆಜ್ಜೆಯಲ್ಲಿ ಈ ರಕ್ಷೆ ಇರುವುದಿಲ್ಲ. ಎರಡನೇ ತಲೆಮಾರಿನ ಗಿಡಗಳಲ್ಲಿ ನೇರಳೆಯವೂ ಬಿಳಿಯವೂ ಇವೆ, ಅವುಗಳ ಬೀಜದ ಸಿಪ್ಪೆಗಳೂ ಬೇರೆ ಬೇರೆ. ಎಲ್ಲ ಬೀಜವನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟು ಅದಕ್ಕೆ ದುಂಬಿ ಬಿದ್ದರೆ, ಒಂದು ಬಗೆಯ ಸಿಪ್ಪೆಗೆ ಹೆಚ್ಚು ಮೊಟ್ಟೆ ಬಿದ್ದು ಮೂರನೇ ತಲೆಮಾರಿನ ಲೆಕ್ಕವೇ ಓರೆಯಾಗಬಹುದು. ಆದ್ದರಿಂದ ಎರಡನೇ ತಲೆಮಾರಿನಿಂದ ಮುಂದಕ್ಕೆ ಪ್ರತಿ ಗಿಡದ ಬೀಜಕ್ಕೂ ಪ್ರತ್ಯೇಕ ಲಕೋಟೆ, ಪ್ರತಿ ಲಕೋಟೆಯ ಮೇಲೆ ಕಟಾವಾದ ಬೀಜ ಎಷ್ಟು, ತೂತು ಬಿದ್ದದ್ದು ಎಷ್ಟು ಎಂಬ ಬರಹ ಇರಲೇಬೇಕು. ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟು ತೆಗೆಯಿರಿ. ಹಸಿ ಬೀಜವನ್ನು ಹೀಗೆ ಇಟ್ಟರೆ ಮೊಳಕೆ ಸಾಯುತ್ತದೆ. ಬಟಾಣಿ ದುಂಬಿ ಒಣ ಬೀಜದಲ್ಲಿ ಮತ್ತೆ ಸಂತಾನ ಬೆಳೆಸುವುದಿಲ್ಲ, ವರ್ಷಕ್ಕೆ ಒಂದೇ ತಲೆಮಾರು ಅದರದು. ಕ್ಯಾಲೊಸೊಬ್ರೂಕಸ್‌ಗೆ ಅಂಥ ಮಿತಿ ಇಲ್ಲ, ಡಬ್ಬಿಯಲ್ಲಿ ಬೀಜ ಇರುವವರೆಗೂ ಮುಂದುವರಿಯುತ್ತದೆ.

ಮೂರನೇ ತಲೆಮಾರು ನೋಡುವುದಾದರೆ, ಎರಡನೆಯದರ ಒಂದೊಂದು ನೇರಳೆ ಗಿಡದಿಂದ ಕನಿಷ್ಠ ಹದಿನೇಳು ಬೀಜ ಬಿತ್ತಿ. ಮೆಂಡೆಲ್ ಬಿತ್ತಿದ್ದು ಹತ್ತು ಹತ್ತು. ಹಾಗೆ ಪರೀಕ್ಷಿಸಿದ ನೂರು ಗಿಡಗಳಲ್ಲಿ 36ರ ಸಂತಾನ ಪೂರ್ತಿ ಪ್ರಬಲ ಬಣ್ಣದ್ದಾಗಿತ್ತು, 64ರ ಸಂತಾನ ಎರಡೂ ಬಗೆಯದಾಗಿತ್ತು. ಹತ್ತೇ ಬೀಜ ಬಿತ್ತಿದಾಗ ಎರಡೂ ಬಗೆಯ ಜೀನ್ ಹೊತ್ತ ಮಿಶ್ರ ಗಿಡವೊಂದು ಬಿಳಿಯನ್ನು ತೋರಿಸದೆ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಐದಕ್ಕೂ ಮಿಗಿಲು.

ಬಿಳಿಗೆ ಬಿಳಿ ಸೇರಿ ನೇರಳೆ ಬಂದರೆ

ಎರಡು ಬಿಳಿ ತಳಿಗಳ ಸಂಕರದಿಂದ ನೇರಳೆ ಹುಟ್ಟಿದಾಗ ಎಲ್ಲರ ಬೆರಳೂ ಜೇನ್ನೊಣದ ಕಡೆಗೆ ತಿರುಗುತ್ತದೆ. ಚೀಲ ಭದ್ರವಾಗಿದ್ದರೆ ಕೀಟವನ್ನು ಬಿಟ್ಟು ಜೀನ್‌ಗಳನ್ನು ನೋಡಿ. ಬಣ್ಣ ಬರಲು ಎರಡು ಜೀನ್‌ಗಳು ಬೇಕಾಗಿದ್ದು, ಒಂದು ತಳಿಯಲ್ಲಿ ಒಂದು, ಇನ್ನೊಂದರಲ್ಲಿ ಮತ್ತೊಂದು ಕೆಟ್ಟಿದ್ದರೆ ಇಬ್ಬರ ಮಗುವಿಗೆ ಎರಡೂ ಸರಿಯಾದ ಪ್ರತಿಗಳು ಸಿಗುತ್ತವೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬೇಟ್ಸನ್, ಸಾಂಡರ್ಸ್, ಪನೆಟ್ ಅವರು ಸುಗಂಧ ಬಟಾಣಿ ಹೂವಿನಲ್ಲಿ ಕಂಡದ್ದು ಇದನ್ನೇ. ಅದರ ಎರಡನೇ ತಲೆಮಾರಿನಲ್ಲಿ ಬರುವುದು 9 ನೇರಳೆಗೆ 7 ಬಿಳಿ. 64 ಗಿಡಗಳಲ್ಲಿ 36ಕ್ಕೆ 28 ಬಂದರೆ ಮೂರಕ್ಕೆ ಒಂದರ ವಿರುದ್ಧ ಕೈ-ವರ್ಗ 12 ಆಗುತ್ತದೆ, ಅನುಮಾನಕ್ಕೆ ಎಡೆಯಿಲ್ಲ. ಬಟಾಣಿಯಲ್ಲಿ ಗುಲಾಬಿ ಹೂವಿನ ತಳಿಗೆ ಬಿಳಿ ಸೇರಿಸಿದಾಗಲೂ ಮಗು ನೇರಳೆ ಆಗಬಹುದು. ಆಗ ಎರಡನೇ ತಲೆಮಾರು 9 ನೇರಳೆ, 3 ಗುಲಾಬಿ, 4 ಬಿಳಿ.

ಮೆಂಡೆಲ್‌ಗೂ ಇಂಥ ಒಗಟು ಎದುರಾಗಿತ್ತು. ಬಿಳಿ ಹೂವಿನ ಹುರುಳಿಕಾಯಿಗೆ ಕೆಂಪು ಹೂವಿನ ಇನ್ನೊಂದು ಜಾತಿಯನ್ನು ಸೇರಿಸಿದಾಗ ಎರಡನೇ ತಲೆಮಾರಿನಲ್ಲಿ ಹೂ ಬಿಟ್ಟ 31 ಗಿಡಗಳಲ್ಲಿ ಒಂದೇ ಒಂದು ಬಿಳಿ, ಉಳಿದವು ಕಡುಗೆಂಪಿನಿಂದ ತಿಳಿ ನೇರಳೆಯವರೆಗೆ. ಬಣ್ಣ ಎರಡು ಅಥವಾ ಹೆಚ್ಚು ಸ್ವತಂತ್ರ ಅಂಶಗಳಿಂದ ಕೂಡಿರಬೇಕು ಎಂದು ಅವನು ಊಹಿಸಿದ.

ಪತಂಗಕ್ಕೆ ಬಣ್ಣದ ಮೋಹ ಇದೆಯೇ

ನೇರಳೆ ತಳಿಯ ಮೇಲೆ ಮೊಟ್ಟೆ ಹೆಚ್ಚು, ಬಿಳಿ ತಳಿಯ ಮೇಲೆ ಕಡಿಮೆ ಎಂದು ಕಂಡ ಕೂಡಲೇ ಬಣ್ಣವೇ ಕಾರಣ ಎನ್ನಬೇಡಿ. ಎರಡು ತಳಿಗಳ ನಡುವೆ ಎತ್ತರ, ವಾಸನೆ, ಹೂ ಬಿಡುವ ಕಾಲ ಎಲ್ಲವೂ ಬೇರೆ. ಕಾಯಿಕೊರಕದ ಪತಂಗ ಕತ್ತಲಲ್ಲಿ ಬರುತ್ತದೆ, ಹೂ ಬಿಟ್ಟ ಹಂತದ ಗಿಡವನ್ನು ಹುಡುಕುತ್ತದೆ. ಒಂದು ವಾರ ಮೊದಲು ಹೂ ಬಿಟ್ಟ ತಳಿಗೆ ಹೆಚ್ಚು ಮೊಟ್ಟೆ ಬಿದ್ದರೆ ಆಶ್ಚರ್ಯವೇನಿಲ್ಲ.

ಇದನ್ನು ಪರೀಕ್ಷಿಸಲು ನಿಮ್ಮ ಎರಡನೇ ತಲೆಮಾರಿನ ತಾಕಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಅಲ್ಲಿ ನೇರಳೆಯೂ ಬಿಳಿಯೂ ಒಡಹುಟ್ಟಿದವು, ಉಳಿದ ಗುಣಗಳು ಎರಡರಲ್ಲೂ ಕಲಸಿ ಹಂಚಿಹೋಗಿವೆ. ಇದಕ್ಕೆ ಚೀಲ ಹಾಕದ ಗಿಡಗಳೇ ಬೇಕು, ಆದ್ದರಿಂದ ಬೀಜಕ್ಕೆಂದು ಕಾದಿರಿಸಿದ ಗಿಡಗಳನ್ನು ಬೇರೆ ಇಡಿ. ಗಿಡಕ್ಕೆ ಎಷ್ಟು ಮೊಟ್ಟೆ ಎನ್ನುವುದಕ್ಕಿಂತ ನೂರು ಹೂ ಮತ್ತು ಮೊಗ್ಗಿಗೆ ಎಷ್ಟು ಎಂದು ಲೆಕ್ಕ ಹಾಕಿ. ಮೊದಲ ಹೂ ಅರಳಿದ ದಿನವನ್ನು ಪ್ರತಿ ಗಿಡಕ್ಕೂ ಬರೆದುಕೊಳ್ಳಿ. ಬಟಾಣಿಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಹೂ ಬಿಡುವ ಕಾಲವನ್ನು ನಿಯಂತ್ರಿಸುವ ಎಲ್‌ಎಫ್ ಎಂಬ ಜೀನ್ ಅದೇ ವರ್ಣತಂತುವಿನಲ್ಲಿ ಎ ಜೀನಿನ ಸಮೀಪದಲ್ಲೇ ಕೂತಿದೆ. ಎರಡೂ ಬಹುಮಟ್ಟಿಗೆ ಜೊತೆಯಾಗಿ ಇಳಿದುಬರುವುದರಿಂದ ಬಣ್ಣದ ಪರಿಣಾಮದಂತೆ ಕಾಣುವುದು ಕಾಲದ ಪರಿಣಾಮ ಆಗಿರಬಹುದು. ಒಂದೇ ವಾರದಲ್ಲಿ ಹೂ ಬಿಟ್ಟ ನೇರಳೆ, ಬಿಳಿ ಗಿಡಗಳನ್ನು ಮಾತ್ರ ಹೋಲಿಸಿದರೆ ಈ ಗೊಂದಲ ತಪ್ಪುತ್ತದೆ.

ಮೊಟ್ಟೆಗೆ ಗಿಡ ಕೊಡುವ ಉತ್ತರ

ಕಾಯಿಯ ಮೇಲೆ ಮೊಟ್ಟೆ ಎಣಿಸುವಾಗ ಕೆಲವು ಬಟಾಣಿ ಗಿಡಗಳಲ್ಲಿ ಮೊಟ್ಟೆಯ ಅಡಿಯಲ್ಲೇ ನರುಲಿಯಂಥ ಉಬ್ಬು ಎದ್ದಿರುವುದು ಕಾಣಬಹುದು. ಬಟಾಣಿ ದುಂಬಿಯ ಮೈಯಲ್ಲಿರುವ ಬ್ರೂಕಿನ್ ಎಂಬ ರಾಸಾಯನಿಕಗಳು ಕಾಯಿಗೆ ತಗುಲಿದಾಗ ಅಲ್ಲಿನ ಕೋಶಗಳು ವಿಭಜಿಸತೊಡಗುತ್ತವೆ. 2000ದಲ್ಲಿ ಈ ವಸ್ತುಗಳನ್ನು ಗುರುತಿಸಲಾಯಿತು. ಉಬ್ಬು ಮೊಟ್ಟೆಯನ್ನು ಕಾಯಿಯ ಮೈಯಿಂದ ಮೇಲಕ್ಕೆತ್ತುತ್ತದೆ, ಮರಿ ಒಳಹೋಗುವುದು ಕಷ್ಟವಾಗುತ್ತದೆ. ಈ ಗುಣ ಎನ್‌ಪಿ ಎಂಬ ಒಂದೇ ಪ್ರಬಲ ಜೀನಿನಿಂದ ಬರುತ್ತದೆ, ಅಂದರೆ ಹೂವಿನ ಬಣ್ಣದ ಹಾಗೆಯೇ ಇದನ್ನೂ ಮೂರಕ್ಕೆ ಒಂದರ ಲೆಕ್ಕದಲ್ಲಿ ಎಣಿಸಬಹುದು. ನಿಮ್ಮ ಎರಡು ತಳಿಗಳಲ್ಲಿ ಒಂದಕ್ಕೆ ಉಬ್ಬು ಬರುತ್ತದೆ, ಇನ್ನೊಂದಕ್ಕೆ ಇಲ್ಲ ಎಂದಾದರೆ ಅದೇ ಗಿಡಗಳಿಂದ ಎರಡನೇ ಅನುಪಾತವೂ ಉಚಿತವಾಗಿ ಸಿಕ್ಕಂತೆ. ಆದರೆ ಮೊಟ್ಟೆ ಬಿದ್ದ ಗಿಡಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಮೊಟ್ಟೆಯೇ ಇಲ್ಲದ ಗಿಡಕ್ಕೆ ಉಬ್ಬು ಇಲ್ಲದಿರುವುದು ಏನನ್ನೂ ಹೇಳುವುದಿಲ್ಲ. ಗಾಜಿನ ಮನೆಯಲ್ಲಿ ಬೆಳೆದ ಗಿಡಗಳಲ್ಲಿ ನೇರಳಾತೀತ ಬೆಳಕು ಕಡಿಮೆಯಾಗಿ, ಮೊಟ್ಟೆ ಇಲ್ಲದೆಯೂ ಇಂಥ ಉಬ್ಬುಗಳು ಏಳುತ್ತವೆ. ಹಾಗಾಗಿ ಗಿಡ ಒಳಗಿತ್ತೋ ಬಯಲಲ್ಲಿತ್ತೋ ಎಂಬುದಕ್ಕೂ ನೋಟ್‌ಪುಸ್ತಕದಲ್ಲಿ ಒಂದು ಅಂಕಣ ಬೇಕು.